ಬಿರುಕು, ತೇವ, ತುಕ್ಕು: ಮನೆ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ವಾಸದ ಮನೆಗಳ ತಪಾಸಣೆ ಮತ್ತು ಸುರಕ್ಷತೆಯ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ. ಬಹುಪಾಲು ಪತ್ರಗಳಲ್ಲಿ ಒಂದು ಅಭ್ಯಾಸ ಎದ್ದು ಕಾಣುತ್ತದೆ: ಗೋಡೆ ಬಿರುಕು ಬಿಟ್ಟರೆ ಪುಟ್ಟಿ, ತೇವ ಕಂಡರೆ ಹೊಸ ಬಣ್ಣ, ಎಂಸಿಬಿ (ವಿದ್ಯುತ್ ಮಿತಿಮೀರಿ ಹರಿದಾಗ ತಾನಾಗಿಯೇ ಕಡಿಯುವ ಸ್ವಿಚ್) ಪದೇ ಪದೇ ಬಿದ್ದರೆ ಇನ್ನೂ ದೊಡ್ಡ ಎಂಸಿಬಿ, ಗೀಸರಿನ ವಾಲ್ವ್ ತೊಟ್ಟಿಕ್ಕಿದರೆ ಅದಕ್ಕೊಂದು ಬಿರಡೆ. ತೊಂದರೆಯನ್ನು ತೋರಿಸುವ ಗುರುತನ್ನೇ ಅಳಿಸಿಬಿಟ್ಟರೆ ಕಾರಣ ಒಳಗೊಳಗೇ ಬೆಳೆಯುತ್ತದೆ. ಆದ್ದರಿಂದ ರಿಪೇರಿಯ ವಿವರಕ್ಕಿಂತ ಕಾರಣವನ್ನು ಪತ್ತೆಮಾಡುವ ಬಗೆಗೇ ಈ ಉತ್ತರಗಳಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಗೋಡೆಗಳಲ್ಲಿ ಅಲ್ಲಲ್ಲಿ ಬಿರುಕುಗಳಿವೆ. ಬಣ್ಣ ಬಳಿಸುವಾಗಲೆಲ್ಲ ಪುಟ್ಟಿ ತುಂಬಿಸುತ್ತೇವೆ. ವರ್ಷ ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಬಿರುಕು ಬಿಡುತ್ತದೆ. ಯಾವ ಬಿರುಕಿಗೆ ಹೆದರಬೇಕು, ಯಾವುದನ್ನು ಹಾಗೇ ಬಿಡಬಹುದು?
– ಹನ್ನೆರಡು ವರ್ಷಗಳ ಹಿಂದೆ ಮನೆ ಕಟ್ಟಿಸಿದ ಓದುಗರು

ಉತ್ತರ: ಬಿರುಕಿನ ಅಗಲ, ಅದು ಸಾಗುವ ದಿಕ್ಕು, ಅದಿರುವ ಜಾಗ, ಅದು ಇನ್ನೂ ಬೆಳೆಯುತ್ತಿದೆಯೇ ಎಂಬುದು – ಇಷ್ಟನ್ನು ನೋಡದೆ ಯಾರೂ ನಿಮಗೆ ಧೈರ್ಯ ಹೇಳಬಾರದು, ಹೆದರಿಸಲೂ ಬಾರದು. ಗಾರೆಯ ಮೇಲೆ ಕೂದಲೆಳೆಯಷ್ಟು ಸಣ್ಣಗೆ, ಗೊತ್ತುಗುರಿಯಿಲ್ಲದೆ ಹರಡಿರುವ ಬಿರುಕುಗಳು ಸಾಮಾನ್ಯವಾಗಿ ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದವು. ಕ್ಯೂರಿಂಗ್ (ಹೊಸ ಗಾರೆಗೆ ಕೆಲವು ದಿನ ನೀರುಣಿಸುವುದು) ಸಾಲದೆ ಹೋದ ಮನೆಗಳಲ್ಲಿ ಇವು ಹೆಚ್ಚು. ಇವುಗಳಿಂದ ಗೋಡೆಯ ಬಲಕ್ಕೆ ಧಕ್ಕೆಯಿಲ್ಲ. ಕಾಂಕ್ರೀಟಿನ ಕಂಬ ಅಥವಾ ತೊಲೆ ಇಟ್ಟಿಗೆ ಗೋಡೆಯನ್ನು ಸೇರುವಲ್ಲಿ ಎಳೆದಂತೆ ನೇರವಾಗಿ ಕಾಣುವ ಬಿರುಕಿಗೆ ಕಾರಣ ಬೇರೆ: ಆ ಎರಡು ವಸ್ತುಗಳು ಬಿಸಿಗೆ ಹಿಗ್ಗುವ, ತಂಪಿಗೆ ಕುಗ್ಗುವ ಪ್ರಮಾಣ ಒಂದೇ ಅಲ್ಲ. ಅಲ್ಲಿ ಪುಟ್ಟಿ ಎಂದಿಗೂ ನಿಲ್ಲುವುದಿಲ್ಲ. ಗಾರೆಯನ್ನು ಕೆತ್ತಿ ತೆಗೆದು, ಕೂಡುವ ಗೆರೆಯ ಎರಡೂ ಬದಿಗೆ ಚಾಚುವಂತೆ ತಂತಿ ಜಾಲರಿ ಬಡಿದು, ಅದರ ಮೇಲೆ ಹೊಸ ಗಾರೆ ಮಾಡಿದರೆ ಬಿರುಕು ಮರುಕಳಿಸುವುದು ಬಹಳಷ್ಟು ಕಡಿಮೆಯಾಗುತ್ತದೆ.

ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಏರುವ, ಒಂದು ತುದಿಯಲ್ಲಿ ಕಿರಿದಾಗಿದ್ದು ಇನ್ನೊಂದು ತುದಿಗೆ ಅಗಲವಾಗುತ್ತ ಹೋಗುವ ಬಿರುಕನ್ನು ಹಗುರವಾಗಿ ಕಾಣಬೇಡಿ. ತಳಪಾಯದ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕುಸಿದಿರುವುದರ ಲಕ್ಷಣ ಅದು. ಅದರ ಜೊತೆಗೆ ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳತೊಡಗಿದ್ದರೆ, ನೆಲ ಒಂದು ಕಡೆಗೆ ವಾಲಿದ್ದರೆ, ಬಿರುಕಿನ ಅಗಲ 5 ಮಿಲಿಮೀಟರ್ ದಾಟಿದ್ದರೆ ಕಟ್ಟಡಗಳ ರಚನೆಯನ್ನು ಬಲ್ಲ ಇಂಜಿನಿಯರರನ್ನು ತಡಮಾಡದೆ ಕರೆಸಿ. ಕುಸಿತಕ್ಕೆ ಕಾರಣ ನೆಲದಡಿ ಸೋರುವ ಪೈಪು ಮಣ್ಣನ್ನು ಕೊಚ್ಚಿ ಒಯ್ದಿರುವುದು ಇರಬಹುದು. ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಮಣ್ಣು ಇರಬಹುದು. ಪಕ್ಕದ ನಿವೇಶನದಲ್ಲಿ ಆಳವಾಗಿ ಅಗೆದಿರುವುದೂ ಇರಬಹುದು. ಕಂಬ ಮತ್ತು ತೊಲೆಗಳ ಮೇಲಿನ ಬಿರುಕಂತೂ ಸಣ್ಣದಿದ್ದರೂ ಪರಿಣತರು ನೋಡಲೇಬೇಕಾದದ್ದು.

ಬಿರುಕು ಬೆಳೆಯುತ್ತಿದೆಯೇ ಎಂಬುದನ್ನು ನೀವೇ ಗಮನಿಸಬಹುದು. ಅದರ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕಿನ ಆಚೆಗೊಂದು ಈಚೆಗೊಂದು ಚುಕ್ಕೆಯಿಟ್ಟು ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸುವ ಹಳೆಯ ಪದ್ಧತಿಯೂ ಒಳ್ಳೆಯದೇ, ಆದರೆ ಗಾಜು ಒಡೆದರೆ ಚಲನೆಯಿದೆ ಎಂಬುದಷ್ಟೇ ತಿಳಿಯುತ್ತದೆ, ಎಷ್ಟು ಎಂಬುದು ತಿಳಿಯುವುದಿಲ್ಲ. ಮಳೆಯ ದಿನಗಳಲ್ಲಿ ಮುಚ್ಚಿಕೊಂಡು ಬಿಸಿಲಿನಲ್ಲಿ ತೆರೆದುಕೊಳ್ಳುವ ಬಿರುಕುಗಳೂ ಇರುವುದರಿಂದ ಒಂದು ವರ್ಷದ ಎಲ್ಲ ಋತುಗಳನ್ನೂ ದಾಟಿದ ಮೇಲೆ ಈ ಅಳತೆಗಳಿಗೆ ಅರ್ಥ ಬರುತ್ತದೆ.

ಪ್ರಶ್ನೆ: ಬಾಲ್ಕನಿಯ ಕೆಳಭಾಗದಲ್ಲಿ ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುತ್ತಿದೆ. ಮೇಸ್ತ್ರಿಯವರು ಸಿಮೆಂಟ್ ಮೆತ್ತಿದರೆ ಸಾಕು ಎನ್ನುತ್ತಾರೆ. ಸಾಕೇ?
– ಮೊದಲ ಮಹಡಿಯಲ್ಲಿ ವಾಸವಿರುವ ಓದುಗರು

ಉತ್ತರ: ಸಾಲದು. ಈ ತಿಂಗಳು ಬಂದ ಪತ್ರಗಳಲ್ಲಿ ನನ್ನನ್ನು ಅತಿ ಹೆಚ್ಚು ಚಿಂತೆಗೀಡುಮಾಡಿದ್ದು ನಿಮ್ಮದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೊಸ ಕಾಂಕ್ರೀಟ್ ಬಹಳ ಕ್ಷಾರೀಯವಾದದ್ದು; ಕ್ಷಾರದ ಮಟ್ಟವನ್ನು ತೋರಿಸುವ ಅದರ ಪಿಎಚ್ ಅಂಕಿ 12ಕ್ಕಿಂತ ಹೆಚ್ಚಿರುತ್ತದೆ. ಆ ಕ್ಷಾರ ಒಳಗಿನ ಕಬ್ಬಿಣದ ಸರಳಿನ ಮೇಲೆ ತೆಳುವಾದ ರಕ್ಷಣಾ ಪದರವನ್ನು ಉಳಿಸುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ನಿಧಾನವಾಗಿ ಒಳನುಸುಳಿ ಆ ಕ್ಷಾರವನ್ನು ತಗ್ಗಿಸುತ್ತದೆ. ಪಿಎಚ್ ಸುಮಾರು 9ಕ್ಕಿಂತ ಕೆಳಗಿಳಿದರೆ ರಕ್ಷಣಾ ಪದರ ಉಳಿಯುವುದಿಲ್ಲ. ಅನಂತರ ನೀರು ಮತ್ತು ಗಾಳಿ ತಾಗಿದರೆ ಸರಳು ತುಕ್ಕು ಹಿಡಿಯುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡರಿಂದ ಆರು ಪಟ್ಟಿನವರೆಗೆ ಹೆಚ್ಚುವುದರಿಂದ ಸುತ್ತಲಿನ ಕಾಂಕ್ರೀಟನ್ನು ಅದು ಒಳಗಿನಿಂದಲೇ ಒತ್ತಿ ಸೀಳುತ್ತದೆ. ಎಂದರೆ ನಿಮಗೀಗ ಕಾಣುತ್ತಿರುವುದು ಬಹಳ ಹಿಂದೆ ಆರಂಭವಾದ ಕ್ರಿಯೆಯ ಕೊನೆಯ ಹಂತ. ಮೊದಲು ಕಂದು ಬಣ್ಣದ ಕಲೆ, ಆಮೇಲೆ ಸರಳಿನ ಜಾಡಿನಲ್ಲೇ ಸಾಗುವ ಬಿರುಕು, ಆಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಾದ ಸದ್ದಿನ ಬದಲು ಟೊಳ್ಳಾದ ಸದ್ದು, ಕೊನೆಗೆ ಚಕ್ಕೆ ಉದುರುವುದು – ಇದು ಅದರ ಕ್ರಮ. ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ, ಅದು ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ.

ಬಾಲ್ಕನಿಯ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಗೋಡೆಯಿಂದ ಹೊರಚಾಚಿ, ಇನ್ನೊಂದು ತುದಿಗೆ ಆಸರೆಯಿಲ್ಲದೆ ನಿಂತಿರುವ ಬಾಲ್ಕನಿಯಲ್ಲಿ ಭಾರ ಹೊರುವ ಮುಖ್ಯ ಸರಳುಗಳು ಸ್ಲ್ಯಾಬಿನ ಮೇಲ್ಭಾಗದಲ್ಲಿರುತ್ತವೆ; ಕೋಣೆಯ ಸ್ಲ್ಯಾಬಿನಲ್ಲಿ ನಡುಭಾಗದ ಮುಖ್ಯ ಸರಳುಗಳು ಕೆಳಭಾಗದಲ್ಲಿರುತ್ತವೆ. ಹೀಗಾಗಿ ಬಾಲ್ಕನಿಯ ಅಡಿಭಾಗ ಚೆನ್ನಾಗಿ ಕಂಡರೂ ಮೇಲೆ, ಬಾಗಿಲ ಹೊಸ್ತಿಲಿಗೆ ತಾಗಿದ ಗೆರೆಯಲ್ಲಿ ನೀರು ಇಳಿದು ಮುಖ್ಯ ಸರಳು ಸವೆದಿರಬಹುದು. ಅಂಥ ಬಾಲ್ಕನಿ ಮುರಿಯುವಾಗ ನಿಧಾನವಾಗಿ ಬಾಗಿ ಎಚ್ಚರಿಸುತ್ತದೆಂಬ ಭರವಸೆಯಿಲ್ಲ. ಹಠಾತ್ತಾಗಿ ಕಳಚಿ ಬೀಳಬಹುದು. ಬಾಲ್ಕನಿಯ ನೆಲದ ಇಳಿಜಾರು ಗೋಡೆಯ ಕಡೆಗಿದೆಯೇ, ನೀರು ಹೋಗುವ ಕಂಡಿ ಕಟ್ಟಿದೆಯೇ, ಗೋಡೆಯ ಬದಿಯಲ್ಲಿ ಉದ್ದಕ್ಕೆ ಬಿರುಕಿದೆಯೇ, ಟೈಲ್ಸ್ ಸಂದುಗಳು ಬಾಯಿಬಿಟ್ಟಿವೆಯೇ ಎಂಬುದನ್ನು ಬಾಗಿಲಿನ ಒಳಗೆ ನಿಂತೇ ನೋಡಿ.

ನೀವು ಈಗ ಮಾಡಬೇಕಾದದ್ದು: ಇಂಜಿನಿಯರರು ನೋಡುವವರೆಗೆ ಬಾಲ್ಕನಿಯ ಬಳಕೆಯನ್ನು ನಿಲ್ಲಿಸಿ, ಅಲ್ಲಿರುವ ವಾಷಿಂಗ್ ಮಷೀನ್, ಕುಂಡಗಳಂಥ ಭಾರವನ್ನು ಒಳಗಿನಿಂದಲೇ ಎಟಕುವಷ್ಟು ಮಾತ್ರ ತೆಗೆಯಿರಿ, ಕೆಳಗೆ ಯಾರೂ ನಿಲ್ಲದಂತೆ ತಡೆ ಹಾಕಿಸಿ. ಕೆಲಸ ಆರಂಭಿಸುವ ಮೊದಲು ಕೆಳಗಿನಿಂದ ಊರುಗಂಬ ಕೊಡಿಸಬೇಕು. ಸಡಿಲವಾದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕೆತ್ತಿ ತೆಗೆದು, ಸರಳು ಹೊಳೆಯುವಷ್ಟು ತುಕ್ಕನ್ನು ಉಜ್ಜಿ, ಎಷ್ಟು ದಪ್ಪ ಉಳಿದಿದೆಯೆಂದು ಅಳೆದು, ಸವೆದು ಹೋಗಿದ್ದರೆ ಹೊಸ ಸರಳು ಸೇರಿಸಿ, ತುಕ್ಕುನಿರೋಧಕ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿಸಬೇಕು. ಕೊನೆಯಲ್ಲಿ ಮೇಲ್ಭಾಗದ ಜಲನಿರೋಧಕ ಪದರ ಮತ್ತು ಹೊರಮುಖವಾದ ಇಳಿಜಾರು ಸರಿಯಾಗದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಅದೇ ಸಮಯದಲ್ಲಿ ಕಟಾಂಜನದ ಕಂಬಿಗಳು ನೆಲಕ್ಕೆ ಸೇರುವ ಬುಡವನ್ನೂ ನೋಡಿಸಿ, ಏಕೆಂದರೆ ತುಕ್ಕು ಮೊದಲು ತಿನ್ನುವುದು ಅಲ್ಲಿಯೇ. ಕಟಾಂಜನದ ಎತ್ತರ ಒಂದು ಮೀಟರಿಗೆ ಕಡಿಮೆಯಿರಬಾರದು. ಮಕ್ಕಳಿರುವ ಮನೆಯಲ್ಲಿ ಕಂಬಿಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರಬಾರದು.

ಪ್ರಶ್ನೆ: ಗೋಡೆಯ ಬುಡದಲ್ಲಿ ಎರಡು ಮೂರು ಅಡಿಯವರೆಗೆ ಬಣ್ಣ ಎದ್ದು ಬಿಳಿ ಪುಡಿ ಉದುರುತ್ತದೆ. ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತದೆ. ದುಬಾರಿ ಬಣ್ಣ ಬಳಿಸಿಯೂ ಪ್ರಯೋಜನವಾಗಲಿಲ್ಲ.
– ಇಬ್ಬರು ಓದುಗರು

ಉತ್ತರ: ಎರಡರ ಮೂಲವೂ ನೀರು, ಆದರೆ ಅದು ಬರುವ ದಾರಿ ಬೇರೆ ಬೇರೆ. ಬುಡದಲ್ಲಿ ಉದುರುವ ಬಿಳಿ ಪುಡಿ ಲವಣ. ನೆಲದ ತೇವ ಇಟ್ಟಿಗೆ ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಸುಮಾರು ಒಂದು ಮೀಟರಿನವರೆಗೆ ಏರುತ್ತದೆ; ನೀರು ಆವಿಯಾಗಿ ಹೋದಾಗ ಅದರಲ್ಲಿ ಕರಗಿದ್ದ ಲವಣ ಹರಳುಗಟ್ಟಿ ಗಾರೆಯನ್ನು ಒಡೆಯುತ್ತದೆ. ನೀರು ಬಿಡದ ದುಬಾರಿ ಬಣ್ಣ ಬಳಿದರೆ ಆವಿ ಹೊರಹೋಗುವ ದಾರಿ ಮುಚ್ಚಿ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ಹೊರಗೆ ಹೋಗಿ ನೋಡಿ: ಗೋಡೆಗೆ ತಾಗಿ ಮಣ್ಣು ರಾಶಿಯಾಗಿ ಒಳನೆಲಕ್ಕಿಂತ ಎತ್ತರವಾಗಿದೆಯೇ, ಗಿಡಗಳ ಪಾತಿಗೆ ಹಾಕುವ ನೀರು ಗೋಡೆಗೆ ಇಳಿಯುತ್ತಿದೆಯೇ, ತಾರಸಿಯ ನೀರಿನ ಪೈಪು ಗೋಡೆಯ ಬುಡದಲ್ಲೇ ಸುರಿಯುತ್ತಿದೆಯೇ. ಎಷ್ಟೋ ಮನೆಗಳಲ್ಲಿ ಇಷ್ಟನ್ನು ಸರಿಪಡಿಸಿದರೆ ಮುಕ್ಕಾಲು ತೊಂದರೆ ಮುಗಿಯುತ್ತದೆ. ಆಮೇಲೂ ತೇವ ಉಳಿದರೆ ತಳಪಾಯದ ಮೇಲಿನ ತೇವತಡೆ ಪದರ ಕೆಟ್ಟಿದೆ ಎಂದರ್ಥ. ಗೋಡೆಯಲ್ಲಿ ಸಾಲಾಗಿ ರಂಧ್ರ ಕೊರೆದು ರಾಸಾಯನಿಕ ತುಂಬಿಸುವ ಚಿಕಿತ್ಸೆಯನ್ನು ಆಗ ಯೋಚಿಸಬಹುದು.

ತೇವ ಎಲ್ಲ ಋತುಗಳಲ್ಲೂ ಒಂದೇ ಸಮನಾಗಿದ್ದರೆ ಪೈಪಿನ ಸೋರಿಕೆಯನ್ನು ಸಂಶಯಿಸಿ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ತೊಟ್ಟಿ ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಂಡು ನೀರಿನ ಮೀಟರಿನ ಅಂಕಿಯನ್ನು ಬರೆದಿಟ್ಟು ಬೆಳಿಗ್ಗೆ ಹೋಲಿಸಿ. ಮೀಟರು ಓಡಿದ್ದರೆ ಎಲ್ಲೋ ಸೋರುತ್ತಿದೆ. ಶೌಚಾಲಯದ ಸಿಸ್ಟರ್ನ್ ನೀರಿಗೆ ಬಣ್ಣ ಬೆರೆಸಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟರೆ, ಬಣ್ಣ ಕೆಳಗಿಳಿದಿದೆಯೇ ಎಂಬುದರಿಂದ ಅದರ ಸೋರಿಕೆಯೂ ತಿಳಿಯುತ್ತದೆ. ತಾರಸಿಯ ಸೋರಿಕೆಯಲ್ಲಿ ಒಂದು ಎಚ್ಚರಿಕೆ: ನೀರು ಒಳಹೊಕ್ಕ ಜಾಗ ಒಂದು, ಒಳಗೆ ತೊಟ್ಟಿಕ್ಕುವ ಜಾಗ ಇನ್ನೊಂದು, ಆದ್ದರಿಂದ ಕಲೆಯ ನೇರ ಮೇಲ್ಗಡೆ ಮಾತ್ರ ರಿಪೇರಿ ಮಾಡಿಸಿ ಸುಮ್ಮನಾಗಬೇಡಿ.

ಕೋಣೆಯ ಮೂಲೆಯ ಬೂಷ್ಟಿಗೆ ಕಾರಣ ಬಹುಮಟ್ಟಿಗೆ ಉಸಿರು, ಸ್ನಾನ, ಅಡುಗೆ, ಒಣಹಾಕಿದ ಬಟ್ಟೆಗಳಿಂದ ಎದ್ದ ಆವಿ ತಣ್ಣಗಿನ ಗೋಡೆಯ ಮೇಲೆ ನೀರಾಗುವುದು. ಇದು ಖಚಿತವಾಗಬೇಕಾದರೆ ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಕೋಣೆಯ ಕಡೆಯ ಮೈ ಒದ್ದೆಯಾದರೆ ಆವಿ ಕೋಣೆಯದು, ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿನದು. ಮೊದಲನೆಯದಾದರೆ ಬೀರುವನ್ನು ಗೋಡೆಯಿಂದ ಸ್ವಲ್ಪ ದೂರ ಸರಿಸಿ, ಗಾಳಿಯಾಡಿಸಿ, ಬಚ್ಚಲಿಗೆ ಹೊರಕ್ಕೆ ಗಾಳಿ ತಳ್ಳುವ ಫ್ಯಾನ್ ಹಾಕಿಸಿ. ಬೂಷ್ಟನ್ನು ಒಣಗಿದ್ದಾಗ ಕೆರೆಯಬೇಡಿ, ಅದರ ಪುಡಿ ಉಸಿರಿಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತಿತ್ತು. 16 ಆಂಪಿಯರಿನದನ್ನು ತೆಗೆದು 32 ಆಂಪಿಯರಿನದನ್ನು ಹಾಕಿಸಿದ ಮೇಲೆ ಬೀಳುತ್ತಿಲ್ಲ. ಆದರೆ ಫ್ರಿಜ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತದೆ. ಎರಡಕ್ಕೂ ಸಂಬಂಧವಿದೆಯೇ?
– ಹಳೆಯ ವೈರಿಂಗ್ ಇರುವ ಮನೆಯ ಓದುಗರು

ಉತ್ತರ: ಸಂಬಂಧವಿಲ್ಲ, ಅವು ಎರಡು ಬೇರೆ ಅಪಾಯಗಳು, ಎರಡೂ ಈ ವಾರವೇ ಸರಿಯಾಗಬೇಕಾದವು. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಪಾಡಲು. ತಂತಿ ತಾಳುವುದಕ್ಕಿಂತ ಹೆಚ್ಚು ವಿದ್ಯುತ್ ಹರಿದಾಗ ಅದು ಬೀಳಬೇಕು. ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಎಳೆಯುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಪೈಪಿನೊಳಗೆ 32 ಆಂಪಿಯರನ್ನು ಸತತವಾಗಿ ತಾಳಲಾರದು. ಈಗ ಎಂಸಿಬಿ ಸುಮ್ಮನಿರುತ್ತದೆ, ತಂತಿ ಒಳಗೇ ಕಾಯುತ್ತದೆ, ಹೊದಿಕೆ ಕರಗುತ್ತದೆ. ಹಳೆಯ ಅಳತೆಯ ಎಂಸಿಬಿಯನ್ನೇ ಮರಳಿ ಹಾಕಿಸಿ, ಗೀಸರಿಗೆ ಸರಿಯಾದ ದಪ್ಪದ ತಂತಿಯ ಪ್ರತ್ಯೇಕ ಸರ್ಕ್ಯೂಟನ್ನು ಬೋರ್ಡಿನಿಂದ ಎಳೆಸಿ. ಸ್ವಿಚ್ಚಿನ ಸುತ್ತ ಕಂದು ಬಣ್ಣ, ಬೆಚ್ಚಗಿರುವ ಪ್ಲಗ್, ಮೀನಿನಂಥ ಅಥವಾ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದ್ದರೆ ಸಡಿಲ ಜೋಡಣೆಯಿದೆ ಎಂದು ತಿಳಿದು ಆ ಪಾಯಿಂಟನ್ನು ಬಳಸುವುದನ್ನು ಅಂದೇ ನಿಲ್ಲಿಸಿ.

ಫ್ರಿಜ್ ಜುಮ್ಮೆನ್ನುವುದು ಸೋರಿದ ವಿದ್ಯುತ್ತು ಅರ್ಥಿಂಗ್ ಮೂಲಕ ಹೋಗದೆ ನಿಮ್ಮ ಮೈ ಮೂಲಕ ಹೋಗುತ್ತಿರುವ ಸೂಚನೆ. ಇಂಥ ಸಣ್ಣ ಸೋರಿಕೆ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿತೇ ಎಂದು ಅದು ಹೋಲಿಸುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಮನುಷ್ಯರ ರಕ್ಷಣೆಗೆ ಕೊಳ್ಳುವುದು ಆ 30ರದ್ದೇ ಆಗಿರಲಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಯಾರಕರು ಹೇಳಿದ ಅವಧಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಾಯಿಸಿ. ಗುಂಡಿ ಒತ್ತಿದಾಗ ಬಿದ್ದರೆ ಆ ಸಾಧನ ಸರಿಯಿದೆ ಎಂದಷ್ಟೇ ಅರ್ಥ, ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಬೇರೆಯಾಗಿ ಅಳೆಯಬೇಕು. ಅರ್ಥಿಂಗ್ ಇಲ್ಲದ ಹಳೆಯ ಮನೆಯಲ್ಲಿ ಕೆಲವರು ಸಾಕೆಟ್ಟಿನ ಅರ್ಥ್ ಪಿನ್ನನ್ನು ನ್ಯೂಟ್ರಲಿಗೆ ಜೋಡಿಸಿಬಿಡುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ: ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಇಡೀ ಮೈಗೆ ಪೂರ್ಣ ವೋಲ್ಟೇಜ್ ಬರುತ್ತದೆ. ಇನ್ವರ್ಟರ್ ಇರುವವರು ಇನ್ನೊಂದನ್ನು ನೆನಪಿಡಬೇಕು. ಮೇನ್ ಸ್ವಿಚ್ ತೆಗೆದರೂ ಇನ್ವರ್ಟರಿನ ಸಾಲುಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ರಿಪೇರಿಗೆ ಮೊದಲು ಅದನ್ನೂ ಆರಿಸಬೇಕು.

ಪ್ರಶ್ನೆ: ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದೆ. ಸ್ನಾನ ಮುಗಿಸಿ ಬಂದಾಗ ನನ್ನ ಮಗಳಿಗೆ ತಲೆನೋವು, ವಾಕರಿಕೆ ಬರುತ್ತದೆ. ಬಿಸಿನೀರು ಒಗ್ಗುತ್ತಿಲ್ಲವೇ?
– ತಾಯಿಯೊಬ್ಬರು

ಉತ್ತರ: ಅಮ್ಮಾ, ಆ ಗೀಸರನ್ನು ಇವತ್ತೇ ಬಂದ್ ಮಾಡಿಸಿ. ನೀವು ವಿವರಿಸಿದ ಲಕ್ಷಣಗಳು ಕಾರ್ಬನ್ ಮೊನಾಕ್ಸೈಡಿನವು ಆಗಿರುವ ಸಂಭವ ಬಲವಾಗಿದೆ. ಸಾಕಷ್ಟು ಗಾಳಿಯಿಲ್ಲದೆ ಗ್ಯಾಸು ಉರಿದರೆ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ನಿಶ್ಶಕ್ತಿ, ಆಮೇಲೆ ಪ್ರಜ್ಞೆ ತಪ್ಪುವುದು ಅದರ ಕ್ರಮ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಎರವಾಗುತ್ತದೆ. ಮಗಳನ್ನು ವೈದ್ಯರಿಗೆ ತೋರಿಸುವಾಗ ಗ್ಯಾಸ್ ಗೀಸರಿನ ಸಂಗತಿಯನ್ನು ತಪ್ಪದೆ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲಿ ಸಹಜ ಅಂಕಿಯನ್ನೇ ತೋರಿಸಬಹುದು, ಅದನ್ನು ನಂಬಿ ಸುಮ್ಮನಾಗುವಂತಿಲ್ಲ.

ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಹೊಗೆಕೊಳವೆ ಬಯಲಿಗೆ ತೆರೆದಿರಬೇಕು. ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ ಅದು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಗ್ಯಾಸು ಬಳಸುವ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರುವುದು ಒಳ್ಳೆಯದು. ಹೊಗೆಯ ಅಲಾರಂ ಇದನ್ನು ಗುರುತಿಸುವುದಿಲ್ಲ. ಇನ್ನು ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನೆಲಮಾಳಿಗೆಯಲ್ಲಿ ಸಿಲಿಂಡರ್ ಇಡಬಾರದೆನ್ನುವುದು ಇದಕ್ಕಾಗಿಯೇ. ರಬ್ಬರ್ ಟ್ಯೂಬಿನ ಮೇಲಿನ ಅವಧಿಯನ್ನು ನೋಡಿ, ಜೋಡಣೆಗಳನ್ನು ಸೋಪಿನ ನೀರಿನಿಂದ ಪರೀಕ್ಷಿಸಿ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ.

ಇದೇ ಸಂದರ್ಭದಲ್ಲಿ ಇನ್ನೊಬ್ಬ ಓದುಗರು ತಮ್ಮ ವಿದ್ಯುತ್ ಗೀಸರಿನ ವಾಲ್ವ್ ತೊಟ್ಟಿಕ್ಕುತ್ತದೆ, ಪ್ಲಂಬರ್ ಅದಕ್ಕೆ ಬಿರಡೆ ಹಾಕಿದ್ದಾರೆ ಎಂದು ಬರೆದಿದ್ದಾರೆ. ಬಿರಡೆಯನ್ನು ಕೂಡಲೇ ತೆಗೆಸಿ. ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ನೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಅದು ಸುಮಾರು 400 ಮಿಲಿಲೀಟರ್. ಆ ನೀರು ಹಿಂದಕ್ಕೆ ಹೋಗದಂತೆ ತಡೆಯಿರುವಲ್ಲಿ ಒತ್ತಡದ ವಾಲ್ವಿನಿಂದಲೇ ಹೊರಬರಬೇಕು. ಕಾಯುವಾಗ ಸ್ವಲ್ಪ ತೊಟ್ಟಿಕ್ಕುವುದು ಸಹಜ. ದಿನವಿಡೀ ಸುರಿಯುತ್ತಿದ್ದರೆ ಮಾತ್ರ ಥರ್ಮೋಸ್ಟಾಟ್, ನೀರಿನ ಒತ್ತಡ, ವಾಲ್ವಿನೊಳಗೆ ಕಟ್ಟಿದ ಸುಣ್ಣ ಇವನ್ನು ನೋಡಿಸಬೇಕು. ಥರ್ಮೋಸ್ಟಾಟ್ ಕೆಟ್ಟ ದಿನ ವಾಲ್ವ್ ಮುಚ್ಚಿದ್ದರೆ ಟ್ಯಾಂಕ್ ಸಿಡಿಯಬಹುದು.

ಪ್ರಶ್ನೆ: ತಾರಸಿಯ ತುಂಬ ಮಣ್ಣು ಹರಡಿ ಕೈತೋಟ ಮಾಡಬೇಕೆಂದಿದ್ದೇವೆ. ಇನ್ನೊಂದು ನೀರಿನ ಟ್ಯಾಂಕನ್ನೂ ಇಡಬೇಕು. ತಾರಸಿ ತಡೆಯುತ್ತದೆಯೇ?

ಉತ್ತರ: ಲೆಕ್ಕ ಹಾಕಿ ನೋಡಿ. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಬಳಕೆಯ ಭಾರಕ್ಕೆಂದು ವಿನ್ಯಾಸ ಮಾಡಿರುತ್ತಾರೆ. ನೀರು ಕುಡಿದ ಮಣ್ಣು ಒಂದಡಿ ದಪ್ಪಕ್ಕೆ ಹರಡಿದರೆ ಚದರ ಮೀಟರಿಗೆ 500 ಕಿಲೋ ಮೀರುತ್ತದೆ. ಸಾವಿರ ಲೀಟರ್ ನೀರೆಂದರೆ ಸಾವಿರ ಕಿಲೋ, ಟ್ಯಾಂಕಿನ ತೂಕ ಬೇರೆ. ಟ್ಯಾಂಕನ್ನು ಸ್ಲ್ಯಾಬಿನ ನಡುವೆ ಇಡದೆ ಕಂಬ ಮತ್ತು ತೊಲೆಗಳು ಭಾರ ಹೊರುವಂತೆ ಕೂರಿಸಬೇಕು. ಮಣ್ಣು ಹರಡುವ ಯೋಚನೆಯನ್ನು ಇಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಸಬೇಡಿ. ಹಗುರವಾದ ತೆಂಗಿನ ನಾರಿನ ಮಿಶ್ರಣ ತುಂಬಿದ ಕುಂಡಗಳನ್ನು ತೊಲೆಗಳ ಸಾಲಿನ ಮೇಲೆ ಜೋಡಿಸುವುದು ಹೆಚ್ಚು ಸುರಕ್ಷಿತ.

ಪ್ರಶ್ನೆ: ಕಳ್ಳರ ಭಯದಿಂದ ಎಲ್ಲ ಕಿಟಕಿಗಳಿಗೂ ಬಾಲ್ಕನಿಗೂ ಗಟ್ಟಿ ಗ್ರಿಲ್ ಹಾಕಿಸಿದ್ದೇವೆ. ಬೆಂಕಿಯಂಥ ಸಂದರ್ಭ ಬಂದರೆ ಏನು ಮಾಡುವುದೆಂಬ ಚಿಂತೆ ಈಗ ಹತ್ತಿದೆ.
– ಹಿರಿಯ ದಂಪತಿ

ಉತ್ತರ: ನಿಮ್ಮ ಚಿಂತೆ ನ್ಯಾಯವಾದದ್ದು. ಹೊರಬರುವ ದಾರಿ ಮುಂಬಾಗಿಲೊಂದೇ ಆಗಿದ್ದು, ಆ ದಾರಿಯಲ್ಲೇ ಬೆಂಕಿ ಎದ್ದರೆ ಗ್ರಿಲ್ ಹಾಕಿದ ಮನೆ ಒಳಗಿದ್ದವರನ್ನು ಕಟ್ಟಿಹಾಕುತ್ತದೆ. ಪ್ರತಿ ಮಲಗುವ ಕೋಣೆಯಲ್ಲಿ ಕನಿಷ್ಠ ಒಂದು ಗ್ರಿಲ್ ಒಳಗಿನಿಂದ ತೆರೆಯುವಂತಿರಬೇಕು. ಬೀಗ ಹಾಕಿದ್ದರೆ ಅದರ ಕೀಲಿ ಅದೇ ಕಿಟಕಿಯ ಬಳಿ, ಹೊರಗಿನವರ ಕೈಗೆ ಎಟಕದ ಆದರೆ ಕತ್ತಲಲ್ಲೂ ತಡವಿ ತೆಗೆಯಬಹುದಾದ ಮೊಳೆಯಲ್ಲಿ ಸದಾ ಇರಬೇಕು. ನೀವಿಬ್ಬರೂ ಒಮ್ಮೆ ದೀಪ ಆರಿಸಿ ಅದನ್ನು ತೆರೆದು ನೋಡಿ. ತುಕ್ಕು ಹಿಡಿದ ಚಿಲಕ ಆಗಲೇ ಗೊತ್ತಾಗುತ್ತದೆ.

ಹೊಗೆಯ ಅಲಾರಂ ಪ್ರತಿ ಮಲಗುವ ಕೋಣೆಯಲ್ಲಿ, ಅದರ ಹೊರಗೆ ಮತ್ತು ಪ್ರತಿ ಮಹಡಿಯಲ್ಲಿ ಇರಲಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ, 10 ವರ್ಷಕ್ಕೆ ಅಲಾರಮ್ಮನ್ನೇ ಬದಲಾಯಿಸಿ. ಮಲಗುವಾಗ ಕೋಣೆಯ ಬಾಗಿಲು ಮುಚ್ಚಿದ್ದರೆ ಹೊಗೆ ಮತ್ತು ಬಿಸಿ ಒಳಬರುವುದು ತಡವಾಗಿ ಅಮೂಲ್ಯ ನಿಮಿಷಗಳು ಸಿಗುತ್ತವೆ. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಮುಂಬಾಗಿಲ ದಾರಿಯಲ್ಲಿ ಅಥವಾ ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬೇಡಿ, ರಾತ್ರಿಯಿಡೀ ಬಿಡಲೂ ಬೇಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ನೀರು ಹಾಕಿದರೆ ಅದು ಎಣ್ಣೆಯ ಕೆಳಗಿಳಿದು ಸುಮಾರು 1,600 ಪಟ್ಟು ಹಿಗ್ಗಿದ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಬೆಂಕಿ ನಂದಿಸುವ ಸಿಲಿಂಡರನ್ನು ಒಲೆಯ ಪಕ್ಕದಲ್ಲಿಡದೆ, ಅಡುಗೆಮನೆಯಿಂದ ಹೊರಹೋಗುವ ಬಾಗಿಲ ಬಳಿ ತೂಗುಹಾಕಿ.

ಪ್ರಶ್ನೆ: ಸಂಪನ್ನು ನಾವೇ ಇಳಿದು ಸ್ವಚ್ಛ ಮಾಡಬಹುದೇ? ಸೆಪ್ಟಿಕ್ ಟ್ಯಾಂಕನ್ನು?

ಉತ್ತರ: ಸೆಪ್ಟಿಕ್ ಟ್ಯಾಂಕಿಗೆ ಯಾರೂ, ಯಾವ ಕಾರಣಕ್ಕೂ ಇಳಿಯಕೂಡದು, ಕೆಲಸದವರನ್ನು ಇಳಿಸಲೂ ಕೂಡದು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದರೆ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದರೆ ಅಪಾಯ ಹೋಯಿತೆಂದು ಅರ್ಥವಲ್ಲ. ಒಬ್ಬರು ಕುಸಿದಾಗ ಎತ್ತಲು ಹೋದವರೂ ಅಲ್ಲೇ ಪ್ರಾಣ ಬಿಡುತ್ತಾರೆ. ಯಂತ್ರದಿಂದ ಹೀರಿಸುವುದೊಂದೇ ಮಾರ್ಗ. ಬಹಳ ದಿನ ಮುಚ್ಚಿದ್ದ ನೀರಿನ ಸಂಪಿನಲ್ಲೂ ಆಮ್ಲಜನಕ ಸಾಲದೆ ಹೋಗಬಹುದು. ಅದನ್ನು ಸರಿಯಾದ ಸಲಕರಣೆಯಿರುವ ತರಬೇತಾದವರಿಗೆ ಬಿಡಿ. ಎರಡರ ಮುಚ್ಚಳಕ್ಕೂ ಮಕ್ಕಳು ಎತ್ತಲಾಗದಂತೆ ಬೀಗವಿರಲಿ.

ಪ್ರಶ್ನೆ: ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟಿದ್ದೇವೆ. ತಪಾಸಣೆ ಮಾಡಿಸುವುದು ಅಗತ್ಯವೇ? ಯಾರಿಂದ ಮಾಡಿಸಬೇಕು?
– ಯುವ ದಂಪತಿ

ಉತ್ತರ: ಅಗತ್ಯ, ಅದೂ ಮುಂಗಡ ಕೊಡುವ ಮೊದಲೇ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಮನೆ ನೋಡಿ. ಮಾರಾಟಕ್ಕೆ ಮೊದಲು ಒಂದೇ ಕೋಣೆಗೆ ಅಥವಾ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಸೌಜನ್ಯದಿಂದಲೇ ಕೇಳಿ. ಬೀರುವಿನ ಹಿಂದೆ, ಸಿಂಕಿನ ಕೆಳಗೆ, ಅಟ್ಟದ ಮೇಲೆ ಟಾರ್ಚ್ ಹಿಡಿದು ನೋಡಿ. ಬಾಗಿಲ ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿ: ಟೊಳ್ಳು ಸದ್ದು, ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು, ಕಿಟಕಿಯ ಬಳಿ ಉದುರಿದ ರೆಕ್ಕೆಗಳು ಗೆದ್ದಲಿನ ಗುರುತು. ಬಹಳ ಹಳೆಯ ಮನೆಯಾಗಿದ್ದರೆ ಅದರ ಬಣ್ಣದಲ್ಲಿ ಸೀಸ, ಛಾವಣಿಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಪರೀಕ್ಷೆಯಾಗುವವರೆಗೆ ಆ ಬಣ್ಣವನ್ನು ಒಣದಾಗಿ ಉಜ್ಜುವುದು, ಶೀಟುಗಳನ್ನು ಕೊರೆಯುವುದು, ಒಡೆಯುವುದು ಬೇಡ.

ತಪಾಸಣೆ ಮಾಡುವವರು ಮಾರುವವರ ಕಡೆಯವರಾಗಿರಬಾರದು, ರಿಪೇರಿಯ ಗುತ್ತಿಗೆ ಹಿಡಿಯುವವರೂ ಆಗಿರಬಾರದು. ದೋಷ ಹೆಚ್ಚಿದಷ್ಟೂ ಕೆಲಸ ಹೆಚ್ಚುವವರಿಂದ ನಿಷ್ಪಕ್ಷಪಾತವಾದ ಅಭಿಪ್ರಾಯ ಬರುವುದು ಕಷ್ಟ. ಅವರು ತಾರಸಿ ಹತ್ತುತ್ತಾರೆಯೇ, ವಿದ್ಯುತ್ ಬೋರ್ಡು ತೆರೆದು ನೋಡುತ್ತಾರೆಯೇ, ಫೋಟೊ ಸಹಿತ ಬರಹದ ವರದಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ತಪಾಸಣೆಯ ಹೊತ್ತಿನಲ್ಲಿ ನೀವೂ ಜೊತೆಗಿರಿ. ಸಾಮಾನ್ಯ ತಪಾಸಣೆ ಕಣ್ಣಿಗೆ ಕಾಣುವುದನ್ನಷ್ಟೇ ನೋಡುತ್ತದೆ; ಗೋಡೆಯೊಳಗಿನ ಪೈಪು, ನೆಲದಡಿಯ ತಳಪಾಯ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಂಶಯವಿರುವ ಜಾಗವನ್ನು ಅವರು ತೋರಿಸಿದರೆ ಆ ವಿಷಯದ ಪರಿಣತರನ್ನು ಬೇರೆಯಾಗಿ ಕರೆಸಬೇಕು. ವರದಿ ಕೈಗೆ ಬಂದ ಮೇಲೆ ಜೀವಕ್ಕೆ ಅಪಾಯವಾಗುವ ದೋಷಗಳನ್ನು ಒಂದು ಪಟ್ಟಿಯಲ್ಲಿ, ನೀರು ಒಳಬರುವ ದೋಷಗಳನ್ನು ಇನ್ನೊಂದರಲ್ಲಿ, ಅಂದಕ್ಕೆ ಸಂಬಂಧಿಸಿದವನ್ನು ಮತ್ತೊಂದರಲ್ಲಿ ಬರೆಯಿರಿ. ಮೊದಲೆರಡು ಪಟ್ಟಿಗಳ ಖರ್ಚನ್ನು ಅಂದಾಜು ಮಾಡಿಸಿ ಅದನ್ನು ಮಾರುವವರ ಮುಂದಿಟ್ಟು ಬೆಲೆಯ ಮಾತಾಡಿ. ಮೊದಲ ಪಟ್ಟಿಯಲ್ಲಿರುವುದೆಲ್ಲ ಸರಿಯಾಗುವವರೆಗೆ ಆ ಮನೆಗೆ ವಾಸಕ್ಕೆ ಹೋಗಬೇಡಿ.